ಊರು ಬಿಟ್ಟವರ ಅಡ್ಡಹೆಸರು

ಬಿಳಿಜೋಳ ಕಿಲೋಕ್ಕೆ ಐವತ್ತೆರಡು ರೂಪಾಯಿ. ಗಿರಣಿಯಲ್ಲಿ ಬೀಸಿಸಲು ಆರು. ಒಲೆಗೆ ಕಟ್ಟಿಗೆ, ಕಟ್ಟಿಕೊಡಲು ಕಾಗದ, ಚೀಲ ಎಲ್ಲ ಸೇರಿ ಹದಿನೇಳು. ಒಂದು ಕಿಲೋ ಹಿಟ್ಟಿಗೆ ತೆಳ್ಳಗೆ ಬಡಿದರೆ ಹದಿನೈದು ರೊಟ್ಟಿ ಆಗುತ್ತವೆ. ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯವರು ಒಂದಕ್ಕೆ ಎಂಟು ರೂಪಾಯಿಯಂತೆ ಒಯ್ಯುತ್ತಾರೆ. ಎಲ್ಲ ಕಳೆದು ನೋಡಿದರೆ ರೊಟ್ಟಿಯೊಂದಕ್ಕೆ ದೇವವ್ವನ ಕೈಯಲ್ಲಿ ಉಳಿಯುವುದು ಮೂರು ರೂಪಾಯಿ.

ಹಾಗಾಗಿ ದೇವವ್ವ ಯಾವ ಖರ್ಚನ್ನೂ ರೂಪಾಯಿಯಲ್ಲಿ ಎಣಿಸುತ್ತಿರಲಿಲ್ಲ. ಅತ್ತೆಯ ಬಿ.ಪಿ. ಗುಳಿಗೆ ತಿಂಗಳಿಗೆ ನೂರಿಪ್ಪತ್ತು ರೊಟ್ಟಿ. ಮಗಳ ಮೊಬೈಲು ರಿಚಾರ್ಜು ನೂರು ರೊಟ್ಟಿ. ಎರಡು ವರ್ಷ ಬಡಿದು ಬಡಿದು ಬ್ಯಾಂಕಿನಲ್ಲಿ ಇಟ್ಟದ್ದು ಹನ್ನೊಂದು ಸಾವಿರ ರೊಟ್ಟಿ, ಅಂದರೆ ಮೂವತ್ತಮೂರು ಸಾವಿರ ರೂಪಾಯಿ. ಅದಕ್ಕೆ ಇನ್ನೆರಡು ಸಾವಿರ ಕೂಡಿದರೆ ಗದಗಿನಲ್ಲಿ ಹಳೆಯ ರೊಟ್ಟಿ ಮಷೀನೊಂದು ಸಿಗುವುದಿತ್ತು. ಬಲಗೈ ಭುಜ ರಾತ್ರಿ ಎಲ್ಲ ಸಿಡಿಯುತ್ತಿತ್ತು. ಮಷೀನು ಬಂದರೆ ಭುಜ ಉಳಿಯುತ್ತದೆ ಎಂದು ಅವಳು ಕಾಯುತ್ತಿದ್ದಳು.

ಅವಳ ಗಂಡ ತೋಟಪ್ಪ ಅಸೂಟಿ ನರಗುಂದದ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿದ್ದವನು. ಕಡಲೆಯನ್ನು ಅಂಗೈಯಲ್ಲಿ ಉಜ್ಜಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಇದು ಇನ್ನೂ ಎಷ್ಟು ದಿನ ಬಿಸಿಲು ಕಾಣಬೇಕು ಎಂದು ಹೇಳಬಲ್ಲವನು. ಮಾಲಕರಿಗೆ ವಯಸ್ಸಾಯಿತು, ಅವರ ಮಕ್ಕಳಿಗೆ ಕಾಳಿನ ಧೂಳು ಬೇಡವಾಯಿತು. ದೀಪಾವಳಿಯ ಪೂಜೆ ಮುಗಿಸಿ ಅಂಗಡಿಗೆ ಕೀಲಿ ಹಾಕಿದರು. ಐವತ್ತಮೂರನೆಯ ವಯಸ್ಸಿಗೆ ತೋಟಪ್ಪ ಮನೆಯಲ್ಲಿ ಕೂತ. ಮೊದಲ ವಾರ ಚಹಾ ಕುಡಿದ. ಎರಡನೆಯ ವಾರ ಅಡುಗೆಮನೆಗೆ ಬಂದು ರೊಟ್ಟಿ ಎಣಿಸತೊಡಗಿದ.

"ತೊಂಬತ್ತೆಂಟ ಅದಾವ."

"ನೂರು ಅದಾವ. ಎರಡು ನಿಮ್ಮ ಹೊಟ್ಯಾಗ ಅದಾವ," ಎಂದಳು ದೇವವ್ವ, ತಟ್ಟುವ ಕೈ ನಿಲ್ಲಿಸದೆ. "ಶೈಲಾ, ನಿಮ್ಮಪ್ಪಗ ಏನರ ಕೆಲಸ ಹಚ್ಚ ತಾಯಿ. ಇವ್ರು ನನ್ನ ಒಲಿ ಮುಂದ ಗುಮಾಸ್ತಕಿ ಸುರು ಮಾಡ್ಯಾರ."

ಮಗಳು ಶೈಲಶ್ರೀ ತಹಶೀಲ್ದಾರ ಕಚೇರಿಯ ಎದುರಿನ ಆನ್‌ಲೈನ್ ಸೆಂಟರಿನಲ್ಲಿ ಊರ ಮಂದಿಯ ಅರ್ಜಿ ತುಂಬುವವಳು. ಆ ಸಂಜೆ ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿ, ತಲೆಯ ಟೋಪಿ ನೆಟ್ಟಗೆ ಮಾಡಿ, ಒಂದು ಫೋಟೋ ತೆಗೆದಳು. ನೌಕರಿ ಕೊಡುವವರೂ ಬೇಡುವವರೂ ಸೇರುವ ಆ್ಯಪ್ ಒಂದರಲ್ಲಿ ಅವನ ಹೆಸರಿನ ಪ್ರೊಫೈಲ್ ಮಾಡಿದಳು. ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಹೇಳಿದಳು: "ಸೀನಿಯರ್ ಅಕೌಂಟ್ಸ್ ಅಂಡ್ ಪರ್ಚೇಸ್ ಎಕ್ಸಿಕ್ಯುಟಿವ್."

"ಅವ ಯಾರ?" ಎಂದ ತೋಟಪ್ಪ.

"ನೀನ ಅಪ್ಪಾ."

"ಮತ್ತ ನನ್ನ ಟೋಪಿ ಯಾಕ ಹಾಕ್ಕೊಂಡಾನ?"

ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಾಲ್ಕೂ ಮಂದಿ ಒಟ್ಟಿಗೆ ನಕ್ಕರು. ನಾಲ್ಕನೆಯವಳು ತೋಟಪ್ಪನ ತಾಯಿ ಮುದುಕವ್ವ. ಎಂಬತ್ತರ ಹತ್ತಿರದ ಹೆಂಗಸು, ಕಣ್ಣು ಮಂಜಾದರೂ ಕಿವಿ ಗಟ್ಟಿ.

ಮೂರು ದಿನಕ್ಕೆ ಫೋನು ಟಣ್ ಎನ್ನತೊಡಗಿತು. ಯಾರ್ಯಾರೋ ಗುರುತು ಬೆಳೆಸಲು ಕನೆಕ್ಷನ್ ಕೇಳುತ್ತಿದ್ದರು. ತೋಟಪ್ಪ ಒಬ್ಬರನ್ನೂ ಬಿಡಲಿಲ್ಲ. ಕೇಳಿದವರಿಗೆಲ್ಲ ಹೂಂ ಎಂದು ಒತ್ತಿದ.

"ಅಪ್ಪಾ, ನೋಡಿ ತಗೋಬೇಕು. ಎಲ್ಲಾರ್ನೂ ತಗೋಬಾರ್ದು."

"ಪ್ಯಾಟ್ಯಾಗ ಯಾರರ ನಮಸ್ಕಾರ ಅಂದ್ರ ತಿರಗಿ ನಮಸ್ಕಾರ ಅಂತೀವಿಲ್ಲೋ? ಮಾರಿ ತಿರವಿಕೊಂಡು ಹೋದ್ರ ತೋಟಪ್ಪಗ ಸೊಕ್ಕು ಬಂದೈತಿ ಅಂತಾರ."

"ಇದು ಪ್ಯಾಟಿ ಅಲ್ಲಪ್ಪಾ."

"ಮಂದಿ ಕೂಡಿದ್ದೆಲ್ಲಾ ಪ್ಯಾಟೀನ."

ಎರಡು ವಾರಕ್ಕೆ ಮುನ್ನೂರ ಹನ್ನೆರಡು ಮಂದಿ ಆದರು. ಊಟಕ್ಕೆ ಕೂತಾಗ ತೋಟಪ್ಪ ಆ ಲೆಕ್ಕ ಹೇಳಿದ.

"ಮುನ್ನೂರಾ?" ಎಂದಳು ಮುದುಕವ್ವ, ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಯಿಡುತ್ತ. "ನಿನ್ನ ಮದವಿಗೂ ಅಷ್ಟು ಮಂದಿ ಬಂದಿದ್ದಿಲ್ಲೋ ತ್ವಾಟ್ಯಾ. ಇವರಿಗೆಲ್ಲಾ ಊಟಕ್ಕ ಹಾಕಾವ್ರು ಯಾರು?"

ದೇವವ್ವ ನಕ್ಕಳು. ಆದರೆ ಗಂಡ ಈಗ ಬೆಳಿಗ್ಗೆ ಬೇಗ ಎದ್ದು ಗಡ್ಡ ಹೆರೆದುಕೊಳ್ಳುತ್ತಿದ್ದುದನ್ನು ಅವಳು ಗಮನಿಸಿದ್ದಳು. ಅಷ್ಟಾದರೂ ಆಯಿತಲ್ಲ ಎಂದುಕೊಂಡಳು.

ಆ ಮುನ್ನೂರರಲ್ಲಿ ಒಬ್ಬ ಸಂಗಮೇಶ ಸವಡಿ. ಕೋಟು, ಟೈ, ಹಿಂದೆ ಗಾಜಿನ ದೊಡ್ಡ ಕಟ್ಟಡ. ಕಾಳು ಖರೀದಿ ಮಾಡುವ ಯಾವುದೋ ಕಂಪನಿಯ ದೊಡ್ಡ ಅಧಿಕಾರಿ ಎಂದು ಬರೆದಿತ್ತು. ತೋಟಪ್ಪನಿಗೆ ಕೋಟು ಕಾಣಲಿಲ್ಲ, ಕಂಪನಿ ಕಾಣಲಿಲ್ಲ. ಕಂಡದ್ದು ಅಡ್ಡಹೆಸರು. ರೋಣದ ಆಚೆಯ ಸವಡಿ ಅವನ ತಾಯಿಯ ತವರು.

"ಅವ್ವಾ, ನಿಮ್ಮೂರಾವಾ! ಇಷ್ಟು ದೊಡ್ಡ ಮನುಷ್ಯಾ ಆಗ್ಯಾನ ನೋಡ."

"ನಮ್ಮೂರ ಹುಡುಗ್ರು ಶ್ಯಾಣ್ಯಾರು," ಎಂದು ಮುದುಕವ್ವ ಹಿಗ್ಗಿದಳು.

ಸಂಗಮೇಶ ಮೊದಲು ಮೆಸೇಜು ಕಳಿಸಿದ, ಆಮೇಲೆ ಫೋನು ಮಾಡಿದ. ನರಗುಂದ, ರೋಣ ಎರಡೂ ಪೇಟೆಗೆ ಖರೀದಿ ಮ್ಯಾನೇಜರ್ ಬೇಕಂತೆ. ತಿಂಗಳಿಗೆ ಇಪ್ಪತ್ತೆಂಟು ಸಾವಿರ ಪಗಾರ. ಕಂಪನಿಯಿಂದ ಲ್ಯಾಪ್‌ಟಾಪ್, ತೂಕದ ಮಷೀನು, ಕಾಳಿನ ತೇವ ನೋಡುವ ಮೀಟರು ಬರುತ್ತವಂತೆ. ಅದಕ್ಕೆ ಮೂವತ್ತು ಸಾವಿರ ಡಿಪಾಜಿಟ್ ಇಡಬೇಕು, ಮೂರು ತಿಂಗಳಿಗೆ ತಿರುಗಿ ಕೊಡುತ್ತಾರೆ. ಸೋಮವಾರ ಸಂಜೆ ಐದರೊಳಗೆ ಕಟ್ಟದಿದ್ದರೆ ಕೆಲಸ ಬೇರೆಯವರ ಪಾಲು.

ಇದನ್ನು ತೋಟಪ್ಪ ಶುಕ್ರವಾರ ಹೇಳಿದ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು.

ಹತ್ತು ಸಾವಿರ ರೊಟ್ಟಿ. ದೇವವ್ವನ ಭುಜ ತಾನೇ ಒಮ್ಮೆ ಚುಳಕ್ ಎಂದಿತು.

"ಕೆಲಸ ಕೊಡಾವ್ರು ರೊಕ್ಕ ಕೊಡ್ತಾರ. ಇವ್ರು ರೊಕ್ಕ ಯಾಕ ಕೇಳ್ತಾರ?"

"ಸಾಮಾನಿಗೆ ಡಿಪಾಜಿಟ್ ಅದು. ಗ್ಯಾಸ್ ಸಿಲಿಂಡರಿಗೆ ಕಟ್ಟಿದ್ದಿಲ್ಲೇನು ನೀ?"

"ಗ್ಯಾಸಿನ ಅಂಗಡಿ ಇಲ್ಲೇ ಓಣ್ಯಾಗ ಐತ್ರಿ. ಇವ್ರ ಅಂಗಡಿ ಎಲ್ಲೈತಿ?"

ಶೈಲಶ್ರೀ ಫೋನು ಇಸಿದುಕೊಂಡು ನೋಡಿದಳು. "ಅಪ್ಪಾ, ಈ ಮನುಷ್ಯಾ ಪ್ರೊಫೈಲ್ ಮಾಡಿ ಎರಡು ತಿಂಗಳಾತು ಅಷ್ಟ. ಇಷ್ಟು ದೊಡ್ಡ ಸಾಹೇಬ ಅಂತಾನ, ಆ ಕಂಪನ್ಯಾಗ ಕೆಲಸ ಮಾಡಾವ್ರು ಇನ್ನೊಬ್ರೂ ಇವನ ಕನೆಕ್ಷನ್ನಾಗ ಇಲ್ಲ. ಇರಾವ್ರೆಲ್ಲಾ ನಿನ್ನಂಗ ಕೆಲಸ ಹುಡಕಾವ್ರು."

"ನೀ ಮಾಡಿದ ನನ್ನ ಪ್ರೊಫೈಲಿಗೆ ಒಂದು ತಿಂಗಳೂ ಆಗಿಲ್ಲ. ಹಂಗಂದ್ರ ನಾನೂ ಖೊಟ್ಟಿ ಏನು?"

ಮಗಳು ಫೋನನ್ನು ತಿರುಗಿ ಅವನ ಕೈಗಿಟ್ಟಳು. ತೋಟಪ್ಪ ಹೆಂಡತಿಯ ಕಡೆ ತಿರುಗಿದ. ದನಿ ಏರಿರಲಿಲ್ಲ, ಅದಕ್ಕೇ ದೇವವ್ವನಿಗೆ ಹೆಚ್ಚು ನಾಟಿತು.

"ಇಪ್ಪತ್ತಾರು ವರ್ಷ ಪಗಾರ ತಂದು ನಿನ್ನ ಕೈಯಾಗ ಇಟ್ಟೀನಿ. ಎಲ್ಲಿ ಹೋತು ಅಂತ ಒಂದು ದಿನ ಕೇಳಿಲ್ಲ. ಈಗ ಒಮ್ಮಿ ನಾ ಬೇಡಾಕತ್ತೀನಿ."

ದೇವವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಸೀದು ಕಪ್ಪಾಗಿತ್ತು. ಒಂದು ರೊಟ್ಟಿ ಹೋಯಿತು. ಅದನ್ನು ಬದಿಗೆ ಸರಿಸಿ ಇನ್ನೊಂದು ಹಾಕಿದಳು.

ಮುದುಕವ್ವ ಮೂಲೆಯಿಂದ ಕೇಳಿದಳು, "ಏ ತ್ವಾಟ್ಯಾ, ಆ ಹುಡುಗ ಯಾರ ಪೈಕಿ ಅಂತ ಕೇಳಿಯೇನು? ಫೋನ್ ಹಚ್ಚಿ ಕೊಡು. ನಮ್ಮೂರಾವನ ಜೋಡಿ ನಾ ಮಾತಾಡ್ತೀನಿ."

ತೋಟಪ್ಪ ಉಮೇದಿನಿಂದಲೇ ಹಚ್ಚಿಕೊಟ್ಟ. ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿದ. ಅತ್ತ ಕಡೆಯ ದನಿ ಜೇನಿನಂತಿತ್ತು.

"ನಮಸ್ಕಾರ್ರಿ ಅಜ್ಜೀ!"

"ನಮಸ್ಕಾರಪಾ ತಮ್ಮಾ. ನೀ ಹುಟ್ಟಿದ್ದು ಸವಡ್ಯಾಗೇನು?"

"ಅಲ್ಲೇ ಹುಟ್ಟೀನಿ ಅಜ್ಜೀ, ಅಲ್ಲೇ ಬೆಳದೀನಿ. ನಮ್ಮಜ್ಜ, ಮುತ್ತಜ್ಜ, ಎಲ್ಲಾರೂ ಅಲ್ಲೇ. ಊರು ಬಿಟ್ಟು ಹೋದಾವ್ರು ನಮ್ಮ ಮನ್ಯಾಗ ನಾನ ಮೊದಲನೇದಾಂವ. ಈ ಐತ್ವಾರ ಊರಾಗ ಇರ್ತೀನ್ರಿ, ಹೊಲದ ಕೆಲಸ ಐತಿ."

"ಚಲೋ ಆತು. ಊರಾಗ ನಿಮ್ಮಜ್ಜಗ ಏನಂತ ಕರೀತಾರ? ಮನೆತನದ ಹೆಸರು?"

"ಸವಡಿ ಅಂತನ ಕರೀತಾರ್ರಿ. ಸವಡಿ ಅಜ್ಜಾರ ಮನಿ ಅಂದ್ರ ಊರಿಗೆಲ್ಲಾ ಗೊತ್ತು. ದ್ಯಾಮವ್ವನ ಗುಡಿ ಬಾಜೂನ ಮನಿ."

"ಹೂಂ," ಎಂದಳು ಮುದುಕವ್ವ. ಫೋನನ್ನು ಮಗನ ಕೈಗೆ ಕೊಟ್ಟು, ಅದು ಬಂದ್ ಆದ ಮೇಲೆ ಹೇಳಿದಳು, "ಇಂವ ನಮ್ಮೂರಾವಲ್ಲ."

"ಎಂಬತ್ತು ವರ್ಷದಾಕಿ ನೀ. ಊರು ಬಿಟ್ಟು ಅರವತ್ತು ವರ್ಷಾತು. ನಿನಗೇನು ಗೊತ್ತವ್ವಾ?"

"ನನಗ ಅಷ್ಟರ ಗೊತ್ತೈತಿ. ಸವಡ್ಯಾಗ ಯಾರಿಗೂ ಸವಡಿ ಅನ್ನೂದಿಲ್ಲೋ. ಊರಿನ ಮಂದೀಗೆಲ್ಲಾ ಸವಡಿ ಅಂತ ಕರದ್ರ ಯಾರು ಯಾರಂತ ಗೊತ್ತಾಗೂದು ಹ್ಯಾಂಗ? ಊರು ಬಿಟ್ಟಾವ್ರಿಗೆ ಊರಿನ ಹೆಸರು ಬೀಳತೈತಿ. ನಿಮ್ಮಜ್ಜ ಅಸೂಟಿ ಬಿಟ್ಟು ನರಗುಂದಕ್ಕ ಬಂದಮ್ಯಾಲೆ ನೀವು ಅಸೂಟಿಯವರಾದ್ರಿ. ಅಸೂಟ್ಯಾಗ ನಿಮಗೇನಂತಾರ?"

"ಕಣದವರು," ಎಂದಳು ಶೈಲಶ್ರೀ ತಟ್ಟನೆ. "ಹೌದಲ್ಲಪ್ಪಾ! ಹೋದ ವರ್ಷ ಅಸೂಟಿಗೆ ಮದವಿಗೆ ಹೋದಾಗ, ಕಣದವರ ಮನಿ ಮಗಳು ಬಂದ್ಲು ಅಂದ್ರು. ಅಸೂಟಿ ಅಂತ ಒಬ್ರೂ ಅನ್ನಲಿಲ್ಲ."

ತೋಟಪ್ಪ ಫೋನನ್ನು ಜೇಬಿಗೆ ಹಾಕಿದ. ಆಮೇಲೆ, "ಆಫೀಸಿನ ಮಂದಿ ಜೋಡಿ ಮಾತಾಡಿ ಮಾತಾಡಿ ಹಂಗ ರೂಢಿ ಆಗಿರಬೇಕು," ಎಂದ. ಹೇಳಿದ ರೀತಿ ನೋಡಿದರೆ ಅವನಿಗೇ ಅದರಲ್ಲಿ ಅರ್ಧ ನಂಬಿಕೆಯೂ ಇದ್ದಂತಿರಲಿಲ್ಲ. ಆದರೆ ಸೋಮವಾರ ಐದು ಗಂಟೆ ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ಬೇಡ ಎಂದರೆ ಗಂಡ ಇನ್ನು ಹತ್ತು ವರ್ಷ, ಕೈಗೆ ಬಂದ ಕೆಲಸ ನೀ ತಪ್ಪಿಸಿದಿ ಎಂದುಕೊಂಡೇ ಇರುತ್ತಾನೆ. ಕೊಟ್ಟರೆ ಹತ್ತು ಸಾವಿರ ರೊಟ್ಟಿ ಹೋಗುತ್ತವೆ. ದೇವವ್ವ ಕೈಯ ಹಿಟ್ಟು ತೊಳೆದುಕೊಂಡಳು.

"ಕೊಡ್ತೀನ್ರಿ," ಎಂದಳು. "ಆದ್ರ ಫೋನಿನಾಗ ಕಳಸೂದಿಲ್ಲ. ಐತ್ವಾರ ಊರಾಗ ಇರ್ತೀನಿ ಅಂದಾನಲ್ಲ, ಹೋಗಿ ಅವನ ಮನ್ಯಾಗ ಚಾ ಕುಡದು, ಅವನ ಕೈಯಾಗ ಕೊಟ್ಟು ಬರೂಣು. ಅತ್ತೀನೂ ತವರು ಕಂಡಂಗಾತು."

ಅದಕ್ಕೆ ತೋಟಪ್ಪನ ಹತ್ತಿರ ಇಲ್ಲ ಎನ್ನುವ ಮಾತಿರಲಿಲ್ಲ. ಮಾರನೆಯ ದಿನ ಅವಳು ಅವನೆದುರಿಗೇ ಬ್ಯಾಂಕಿಗೆ ಹೋಗಿ ಮೂವತ್ತು ಸಾವಿರ ಬಿಡಿಸಿಕೊಂಡು ಬಂದಳು.

ಭಾನುವಾರ ಒಲೆ ಹೊತ್ತಲಿಲ್ಲ. ರೋಣದ ಬಸ್ಸಿನಲ್ಲಿ ಮೂವರು ಹೆಂಗಸರು ಆಧಾರ್ ಕಾರ್ಡು ತೋರಿಸಿ ಬಿಟ್ಟಿ ಕೂತರು, ತೋಟಪ್ಪನೊಬ್ಬನೇ ಟಿಕೀಟು ತೆಗೆಸಿದ. "ಮನ್ಯಾಗ ದುಡ್ಯಾವ್ರಿಗೆ ಸರಕಾರ ಮರ್ಯಾದಿ ಕೊಡತೈತಿ," ಎಂದು ದೇವವ್ವ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. ತೋಟಪ್ಪನಿಗೂ ನಗೆ ಬಂತು. ರೊಕ್ಕದ ಗಂಟು ಅವಳ ಸೆರಗಿನೊಳಗೆ ಸೊಂಟಕ್ಕೆ ಬಿಗಿದಿತ್ತು.

ಸವಡಿಯಲ್ಲಿ ಮುದುಕವ್ವನ ಅಣ್ಣನ ಮೊಮ್ಮಗ ಬಸ್ಯಾ ಬಸ್ಸಿಗೇ ಬಂದಿದ್ದ. ಮೀಸೆ ಬಂದ, ಎರಡು ಮಕ್ಕಳ ತಂದೆಯಾದ ಮನುಷ್ಯ. ಆದರೂ ಊರಿಗೆಲ್ಲ ಬಸ್ಯಾನೇ.

"ಸಂಗಮೇಶ ಸವಡಿ?" ಎಂದು ಅವನು ನಕ್ಕ. "ಇಲ್ಲಿ ಸವಡಿ ಅನ್ನಾವ್ರು ಯಾರೂ ಇಲ್ಲ ಕಾಕಾ. ಸವಡಿಯವ್ರನ್ನ ನೋಡ್ಬೇಕಂದ್ರ ನೀ ಗದಗಿಗೆ ಹೋಗ್ಬೇಕು, ಹುಬ್ಬಳ್ಳಿಗೆ ಹೋಗ್ಬೇಕು."

ಆದರೂ ತೋಟಪ್ಪ ದ್ಯಾಮವ್ವನ ಗುಡಿಯವರೆಗೆ ನಡೆದ. ಗುಡಿಯ ಒಂದು ಬಾಜೂಗೆ ಹೂಗಾರರ ಮನೆ, ಇನ್ನೊಂದು ಬಾಜೂಗೆ ಬಡಿಗೇರರ ಮನೆ. ಬಡಿಗೇರ ಅಜ್ಜ ಕಟ್ಟೆಯ ಮೇಲೆ ಕೂತು ಕೊಡಲಿಗೆ ಕಾವು ಹಾಕುತ್ತಿದ್ದ. ಸಂಗಮೇಶ ಎನ್ನುವ ಸಾಹೇಬನನ್ನು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ. ತೋಟಪ್ಪ ಅಲ್ಲಿಯೇ ನಿಂತು ಫೋನು ಹಚ್ಚಿದ.

"ಹಲೋ, ತೋಟಪ್ಪನವರ! ರೊಕ್ಕ ರೆಡಿ ಆತೇನ್ರಿ?"

"ರೆಡಿ ಆಗೈತ್ರಿ. ತಾವು ಎಲ್ಲಿ ಅದೀರಿ?"

"ಊರಾಗ ಅದೀನಲ್ಲ. ಮನ್ಯಾಗ ನಾಷ್ಟಾ ಮಾಡಾಕತ್ತೀನಿ."

"ಭಾಳ ಚಲೋ ಆತು. ನಾನೂ ನಿಮ್ಮ ಮನಿ ಮುಂದನ ನಿಂತೀನಿ, ಗುಡಿ ಬಾಜೂಕ. ರೊಕ್ಕ ತಂದೀನಿ. ಯಾವ ಬಾಗಲಾ ಬಡೀಲಿ? ಹೂಗಾರರದೋ, ಬಡಿಗೇರರದೋ?"

ಫೋನಿನಲ್ಲಿ ಉಸಿರು ಕೇಳಿಸಿತು. ಆಮೇಲೆ ಅದೂ ಇಲ್ಲ. ತಿರುಗಿ ಹಚ್ಚಿದರೆ ನಂಬರು ಬಂದ್ ಆಗಿತ್ತು. ಶೈಲಶ್ರೀ ಆ್ಯಪ್ ತೆಗೆದು ನೋಡುವಷ್ಟರಲ್ಲಿ ಕೋಟು, ಟೈ, ಗಾಜಿನ ಕಟ್ಟಡ ಯಾವುದೂ ಇರಲಿಲ್ಲ.

ತೋಟಪ್ಪ ಕಟ್ಟೆಯ ಮೇಲೆ ಕೂತ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ದೇವವ್ವ ಅವನ ಬದಿಗೆ ಕೂತಳು.

"ಎರಡು ಸಾವಿರದ ನಾನೂರು ಮದಲ ಕಳಿಸೀನಿ," ಎಂದ, ನೆಲ ನೋಡುತ್ತ. "ಫಾರ್ಮಿಗೆ, ಗುರುತಿನ ಚೀಟಿಗೆ ಅಂದ. ನನ್ನ ಕೈಖರ್ಚಿನ ರೊಕ್ಕ. ಆಧಾರ್ ಫೋಟೋನೂ ಕಳಿಸೀನಿ, ಪಾಸ್‌ಬುಕ್ಕಿಂದೂ."

ಎಂಟುನೂರು ರೊಟ್ಟಿ. ದೇವವ್ವನ ನಾಲಿಗೆಯ ತುದಿಗೆ ಬಂದಿತ್ತು. ಅವನ ಕೈಯಲ್ಲಿದ್ದ ಟೋಪಿಯನ್ನು ನೋಡಿದಳು. ಅಂಚು ಸವೆದು ನೂಲು ಎದ್ದಿತ್ತು.

"ಏಳ್ರಿ," ಎಂದಳು. "ಬಸ್ಯಾನ ಹೇಣ್ತಿ ಹುಗ್ಗಿ ಮಾಡ್ಯಾಳಂತ. ಆರಿದ್ರ ರುಚಿ ಇರೂದಿಲ್ಲ."

ಹುಗ್ಗಿ ಆರಲು ಬಿಟ್ಟವಳು ಶೈಲಶ್ರೀ. ಅವಳು ಗೋಡೆಗೆ ಒರಗಿ ನಿಂತು, ಆನ್‌ಲೈನ್ ಮೋಸದ ದೂರಿಗೆಂದು ಇರುವ ನಂಬರು ೧೯೩೦ಕ್ಕೆ ಫೋನು ಹಚ್ಚಿ ದೂರು ಬರೆಸುತ್ತಿದ್ದಳು. ಸೋಮವಾರ ಅಪ್ಪನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಖಾತೆಯ ಮೇಲೆ ಕಣ್ಣಿಡಲು ಹೇಳಿ, ಪೊಲೀಸ್ ಠಾಣೆಯಲ್ಲಿ ಅರ್ಜಿ ಕೊಟ್ಟು ಬಂದಳು. ಜೀವಮಾನದಲ್ಲಿ ಠಾಣೆ ಏರದ ತೋಟಪ್ಪ ಬೆವರು ಒರೆಸಿಕೊಳ್ಳುತ್ತಿದ್ದ. "ನೀವೇನ್ರಿ, ಲಗೂ ಬಂದೀರಿ," ಎಂದರಂತೆ ಠಾಣೆಯವರು. "ಭಾಳ ಮಂದಿ ನಾಚಿಕೊಂಡು ಬರೂದ ಇಲ್ಲ."

ಆ ವಾರ ಮನೆಯಲ್ಲಿ ಹೊಸ ಕೆಲಸ ಸುರುವಾಯಿತು. ಸಂಜೆ ರೊಟ್ಟಿ ಕಟ್ಟಿ ಕಳಿಸಿದ ಮೇಲೆ ಶೈಲಶ್ರೀ ಫೋನು ಹಿಡಿದು ಒಬ್ಬೊಬ್ಬರ ಹೆಸರು ಓದುವುದು, ಮುದುಕವ್ವ ಕೂತಲ್ಲಿಂದ ಕೇಳುವುದು.

"ಯಾರ ಪೈಕಿ?"

"ಗೊತ್ತಿಲ್ಲ ಆಯಿ."

"ಇವನ್ನ ಬಲ್ಲಾವ್ರು ನಮಗ ಗೊತ್ತಿದ್ದಾವ್ರು ಯಾರರ ಅದಾರೇನು?"

"ಇಲ್ಲ."

"ತಗದ ಒಗಿ."

"ಕಂಪನಿ ಹೆಸರು ಹಾಕ್ಯಾರ ಆಯಿ."

"ಹಂಗಾದ್ರ ಕಂಪನೀಗ ಫೋನ್ ಹಚ್ಚಿ ಕೇಳು. ಅಂವ ಕೊಟ್ಟ ನಂಬರಿಗಲ್ಲ, ನೀನ ಹುಡುಕಿದ ನಂಬರಿಗೆ. ನಿನಗ ವರ ಬಂದ್ರ ಹುಡುಗನ್ನ ಕೇಳಿ ಹುಡುಗ ಚಲೋನೋ ಅಂತ ತಿಳಕೋತೀವೇನು? ಓಣಿ ಮಂದೀನ್ನ ಕೇಳ್ತೀವಿಲ್ಲೋ?"

ತೋಟಪ್ಪನಿಗೆ ಮೊದಲು ಸಂಕೋಚ. ನಮಸ್ಕಾರ ಅಂದವರನ್ನು ಹೊರಗೆ ಹಾಕುವುದೆಂದರೆ ಹೇಗೋ ಆಗುತ್ತಿತ್ತು. ಮೂರನೆಯ ಸಂಜೆಗೆ ತಾನೇ, "ಇಂವನೂ ಬ್ಯಾಡ, ಮುಂದಿನಾವ?" ಎನ್ನತೊಡಗಿದ.

ಗುರುವಾರ ಒಂದು ಹೆಸರು ಬಂತು. ಫರ್ದೀನ. ಮನುಷ್ಯನ ಫೋಟೋ ಇರಲಿಲ್ಲ, ಕಡಲೆಚೀಲದ ಫೋಟೋ ಇತ್ತು. ಮೊದಲ ವಾರವೇ ಕಳಿಸಿದ ಮೆಸೇಜು ಓದದೆ ಬಿದ್ದಿತ್ತು: "ಕಾಕಾ, ನಾ ಮಲಿಕಸಾಬರ ಅಳಿಯ. ಗಜೇಂದ್ರಗಡದಾಗ ಕಾಳು ಹಸನ ಮಾಡು ಮಷೀನ್ ಹಾಕೀನಿ. ಫುರಸತ್ತಿದ್ರ ಫೋನ್ ಮಾಡ್ರಿ."

"ಯಾಕ ಓದಿಲ್ಲಪ್ಪಾ ಇದನ್ನ?"

"ಚೀಲದ ಚಿತ್ರ ಇತ್ತವಾ. ಯಾವನೋ ಚೀಲ ಮಾರಾವ ಅಂದ್ಕೊಂಡೆ," ಎಂದ ತೋಟಪ್ಪ. ಟೈ ಕಟ್ಟಿದವನನ್ನು ನಂಬಿ ಚೀಲದವನನ್ನು ಬಿಟ್ಟೆನಲ್ಲ ಎಂಬುದು ಅವನ ಮುಖದಲ್ಲಿ ಕಂಡಿತು.

ಮುದುಕವ್ವ ಅದಕ್ಕೂ ಬಿಡಲಿಲ್ಲ. "ಮಲಿಕಸಾಬನ ಅಳಿಯ ಅಂತ ಯಾರ ಬೇಕಾದ್ರೂ ಬರೀಬಹುದು. ಕರೀ ಮಲಿಕಸಾಬನ್ನ."

ಮಲಿಕಸಾಬ ಅದೇ ದಲಾಲಿ ಅಂಗಡಿಯಲ್ಲಿ ತೂಕ ಮಾಡುತ್ತಿದ್ದವನು. ಅಂಗಡಿ ಬಂದಾದ ಮೇಲೆ ಪೇಟೆಯಲ್ಲಿ ಚಹಾದ ಗಾಡಿ ಹಾಕಿಕೊಂಡಿದ್ದ. ಎರಡು ಓಣಿ ದಾಟಿ ಬಂದು ಬಾಗಿಲಲ್ಲೇ ನಿಂತು ಬೈದ.

"ತೋಟಪ್ಪಣ್ಣಾ, ನನ್ನ ಅಳಿಯಾ ಖರೇ ಅದಾನೋ ಇಲ್ಲೋ ಅಂತ ಕೇಳಾಕ ಕರಿಸೀಯೇನು? ನಿಕಾಹದಾಗ ಎರಡು ಸಲ ಬಿರಿಯಾನಿ ಬಡಿಸ್ಕೊಂಡು ಉಂಡೀಯಲ್ಲೋ!"

"ಬಿರಿಯಾನಿ ನೆನಪೈತಿ. ಹೆಸರು ಮರತಿದ್ದೆ."

"ಅಂವ ಒಂದು ತಿಂಗಳಾತು, ಕಾಕಾ ಜವಾಬು ಕೊಡವಲ್ಲ, ಸಿಟ್ಟಾಗ್ಯಾನೇನು ಅಂತ ಕೇಳಾಕತ್ಯಾನ. ನನಗ ಹೇಳಾಕ ನಾಚಿಕಿ. ನಿನ್ನ ಮನಿ ಬಾಗಲಿಗೆ ಬಂದು ಕೆಲಸ ಕೊಡ್ತೀವಿ ಅಂದ್ರ ಸಣ್ಣಾವಾಗ್ತೀಯೇನೋ ಅಂತ."

ದೇವವ್ವ ಇಬ್ಬರಿಗೂ ಚಹಾ ಕೊಟ್ಟಳು. ಎರಡು ಓಣಿಯ ಅಂತರದಲ್ಲಿ ಇಬ್ಬರು ಗಂಡಸರು ಒಬ್ಬರಿಗೊಬ್ಬರು ನಾಚಿಕೊಂಡು ಕೂತಿದ್ದರು, ನಡುವೆ ಮುನ್ನೂರು ಮಂದಿ ಬಂದು ಹೋಗಿದ್ದರು.

ತೋಟಪ್ಪ ಗಜೇಂದ್ರಗಡಕ್ಕೆ ತಾನೇ ಹೋಗಿ ಬಂದ. ಮಷೀನು ನೋಡಿದ, ಗೋದಾಮು ನೋಡಿದ, ಅಲ್ಲಿ ಕೆಲಸ ಮಾಡುವವರನ್ನು ಪಗಾರ ಯಾವ ತಾರೀಖಿಗೆ ಆಗುತ್ತದೆ ಎಂದು ಕೇಳಿದ. ಫರ್ದೀನ ಡಿಪಾಜಿಟ್ ಕೇಳಲಿಲ್ಲ. ಎರಡು ಮುಷ್ಟಿ ಕಡಲೆ ಮುಂದಿಟ್ಟು, "ಯಾವುದು ತಗೋಬೇಕು ಕಾಕಾ?" ಎಂದನಂತೆ. ತೋಟಪ್ಪ ಕಾಳು ಕಡಿದು ನೋಡಿ, "ಎರಡೂ ಬ್ಯಾಡ. ಒಂದಕ್ಕ ಹುಳ ಬಿದ್ದೈತಿ, ಒಂದು ಹಸಿ ಐತಿ," ಎಂದನಂತೆ. ಅಷ್ಟಕ್ಕೆ ಕೆಲಸ ಆಯಿತು. ನರಗುಂದದ ಪೇಟೆಯಲ್ಲೇ ಇದ್ದು ಕಾಳು ಆರಿಸಿ ಖರೀದಿ ಮಾಡಿ ಕಳಿಸುವುದು, ವಾರಕ್ಕೊಮ್ಮೆ ಗಜೇಂದ್ರಗಡಕ್ಕೆ ಹೋಗಿ ಬರುವುದು. ತಿಂಗಳಿಗೆ ಹದಿನೈದು ಸಾವಿರ, ಬಸ್ಸಿನ ಖರ್ಚು ಬೇರೆ.

"ಇಪ್ಪತ್ತೆಂಟು ಅಂದಿದ್ರಲ್ಲ?" ಎಂದು ದೇವವ್ವ ಕೆಣಕಿದಳು.

"ಅದು ಸವಡಿ ಸಾಹೇಬ್ರು ಕೊಡೂದು. ಅವರ ಮನಿ ಬಾಗಲಾ ಇನ್ನೂ ಸಿಕ್ಕಿಲ್ಲ," ಎಂದ ತೋಟಪ್ಪ. ತನ್ನ ತಪ್ಪಿಗೆ ತಾನೇ ನಕ್ಕದ್ದು ಅದೇ ಮೊದಲು.

ಸಂಕ್ರಾಂತಿಯ ಹೊತ್ತಿಗೆ ಮೊದಲ ಪಗಾರ ಬಂತು. ತೋಟಪ್ಪ ಅದನ್ನು ಎಂದಿನಂತೆ ಹೆಂಡತಿಯ ಕೈಯಲ್ಲಿಟ್ಟ. ಅವಳು ಅದರಿಂದ ಎರಡು ಸಾವಿರ ತೆಗೆದು ಮೂವತ್ತಮೂರಕ್ಕೆ ಕೂಡಿಸಿದಳು. ಮಷೀನನ್ನು ಗದಗಿನಿಂದ ಟೆಂಪೋದಲ್ಲಿ ತಂದು ಇಳಿಸಿದಾಗ ಮುದುಕವ್ವ ಅದನ್ನು ಕೈಯಿಂದ ಸವರಿ, "ಇದು ಯಾರ ಪೈಕಿ?" ಎಂದಳು.

ಕಳಿಸಿದ ರೊಕ್ಕ ತಿರುಗಿ ಬರಲಿಲ್ಲ. ದೂರಿನ ನಂಬರು ಮಾತ್ರ ಕ್ಯಾಲೆಂಡರಿನ ಹಿಂದೆ ಬರೆದಿದೆ. ಹೋದದ್ದು ಎಂಟುನೂರು ರೊಟ್ಟಿ, ಸವಡಿಗೆ ಹೋದ ದಿನ ಬಡಿಯದ ನೂರು ರೊಟ್ಟಿ, ಮತ್ತೆ ಅವತ್ತು ಸೀದ ಒಂದು. ಉಳಿದದ್ದು ಹತ್ತು ಸಾವಿರ ರೊಟ್ಟಿ ಮತ್ತು ದೇವವ್ವನ ಬಲಗೈ. ತೋಟಪ್ಪನ ಮುನ್ನೂರ ಹನ್ನೆರಡು ಮಂದಿಯಲ್ಲಿ ಈಗ ಇರುವವರು ಹತ್ತೊಂಬತ್ತು. ಆ ಹತ್ತೊಂಬತ್ತು ಜನರ ಮನೆಯ ಬಾಗಿಲೂ ಅವನಿಗೆ ಗೊತ್ತು.